ಗೊತ್ತಿಲ್ಲ ಎಂಬ ಅಂಕಿ

ಮಾರ್ಚ್ 4, ಸೋಮವಾರ. ಇಲೊಯ್ಲೊ

ನಲವತ್ತು ಸಾಲು ಮುಗಿಯಿತು. ಇನ್ನು ಐವತ್ತೆರಡು. ಸಾಲಿಗೊಂದು ಉತ್ತರ — ಹೌದು, ಇಲ್ಲ. ಕೊನೆಯ ಪುಟದಲ್ಲಿ ಪರೀಕ್ಷೆ ಮಾಡಿದವರ ಸಹಿ. ಅಂದರೆ ನನ್ನದು. ಹನ್ನೊಂದು ಸರಕಾರಿ ಆಸ್ಪತ್ರೆಗಳ ಟೆಂಡರ್‌ನ ಪ್ರಶ್ನೆಪಟ್ಟಿ ಇದು, ಮುಂದಿನ ವಾರ ಕೊನೆಯ ದಿನ. ಆಸ್ಪತ್ರೆಯ ಯುಪಿಎಸ್‌ಗಳನ್ನು ನೆಟ್‌ವರ್ಕ್ ಮೂಲಕ ಕಾಯುವ ಸಾಫ್ಟ್‌ವೇರ್ ಬೇಕಂತೆ, ಅದು ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಪ್ರಕಾರವೇ ಇರಬೇಕಂತೆ. ನಮ್ಮದು ಅಂಥದ್ದೇ. ಕಂಪನಿಯ ಒಡತಿ ಮ್ಯಾಮ್ ರೆಮಿ ಅದಕ್ಕೆ ಕಾವಲುಗಾರ ಎಂದೇ ಹೆಸರಿಟ್ಟಿದ್ದಾರೆ, ನಮ್ಮ ಮಾತಿನಲ್ಲಿ ಬಂತಾಯ್.

ಬೆಳಿಗ್ಗೆ ನನ್ನ ಗಂಡ ಅಮಾಡೊ ಬೇಕರಿಯ ಒಲೆಯ ಮುಂದೆ ನಿಂತೇ ಕೇಳಿದ, "ಏನೇ ಅದು ಸ್ಟ್ಯಾಂಡರ್ಡು ಸ್ಟ್ಯಾಂಡರ್ಡು ಅಂತೀಯ? ಬೈಬಲ್ಲಾ?"

"ನಿನ್ನ ಬನ್ನಿನ ತೂಕ ಇದ್ದ ಹಾಗೆ. ಯಾರ ತಕ್ಕಡೀಲಿ ಇಟ್ರೂ ಒಂದೇ ಬರ್ಬೇಕು. ಯಾವ ಕಂಪನಿ ಯುಪಿಎಸ್ ಆದ್ರೂ ಒಂದೇ ಭಾಷೇಲಿ ಮಾತಾಡ್ಬೇಕು, ನಾವು ಅದನ್ನ ಸರಿಯಾಗಿ ಕೇಳಿಸ್ಕೋಬೇಕು."

"ನನ್ನ ಬನ್ನಿನ ತೂಕದ ಸುದ್ದಿ ಬೇಡ ಬಿಡು," ಎಂದು ಬಿಸಿ ಬಿಸಿ ಆರು ಬನ್ನು ಕಾಗದದಲ್ಲಿ ಸುತ್ತಿ ಕೊಟ್ಟ. ಇಪ್ಪತ್ತೆರಡು ವರ್ಷದಿಂದ ಹೀಗೇ. ಒಂದು ದಿನವೂ ತಣ್ಣಗಿನದು ಕೊಟ್ಟವನಲ್ಲ. ಇದನ್ನು ಬರೆದಿಡಬೇಕು ಅನ್ನಿಸಿತು, ಬರೆದೆ.

ಮಾರ್ಚ್ 5, ಮಂಗಳವಾರ

ಬ್ಯಾಟರಿಯ ಸ್ಥಿತಿ. ಸುಲಭದ ಸಾಲು ಎಂದುಕೊಂಡಿದ್ದೆ.

ಸ್ಟ್ಯಾಂಡರ್ಡ್ ಪ್ರಕಾರ ಯುಪಿಎಸ್ ತನ್ನ ಬ್ಯಾಟರಿಯ ಬಗ್ಗೆ ನಾಲ್ಕರಲ್ಲಿ ಒಂದು ಅಂಕಿ ಹೇಳಬೇಕು. 1 — ಗೊತ್ತಿಲ್ಲ. 2 — ಚೆನ್ನಾಗಿದೆ. 3 — ಕಡಿಮೆಯಾಗಿದೆ. 4 — ಖಾಲಿ. ಪರೀಕ್ಷೆಗೆ ಇಟ್ಟುಕೊಂಡ ನಕಲಿ ಯುಪಿಎಸ್‌ನಿಂದ ಒಂದೊಂದೇ ಕಳಿಸಿದೆ. 4, ಕೆಂಪು. 3, ಹಳದಿ. 2, ಹಸಿರು.

1... ಹಸಿರು.

ಮತ್ತೆ ಕಳಿಸಿದೆ. ಹಸಿರೇ. ಸ್ಕ್ರೀನ್ ಆರಿಸಿ ಹಚ್ಚಿ ನೋಡಿದೆ. ಹಸಿರು, ಪಕ್ಕದಲ್ಲಿ 'ಬ್ಯಾಟರಿ ಚೆನ್ನಾಗಿದೆ'.

ಕೋಡ್ ತೆಗೆದೆ. ಮೂರಕ್ಕಿಂತ ಕಡಿಮೆ ಇದ್ದರೆ ಹಸಿರು. ಅಷ್ಟೇ. ಒಂದೇ ಸಾಲು. ಬರೆದವನು ಎಂದೋ ಕೆಲಸ ಬಿಟ್ಟು ದುಬೈಗೆ ಹೋದ. ಮನಸ್ಸಿನಲ್ಲೇ ಅವನನ್ನು ಚೆನ್ನಾಗಿ ಬೈದೆ.

ಮಾರ್ಚ್ 6, ಬುಧವಾರ. ಬೆಳಿಗ್ಗೆ 10

ಅವನನ್ನು ಬೈದದ್ದು ತಪ್ಪು.

ಹಳೆಯ ಫೈಲು ಹುಡುಕಿದೆ. 2017 ಆಗಸ್ಟ್ 16ರ ಪರೀಕ್ಷೆಯ ಪಟ್ಟಿ. ಹದಿನಾಲ್ಕನೇ ಸಾಲು: 'ಅಂಕಿ 1 — ಪರೀಕ್ಷಿಸಿಲ್ಲ, ಯುಪಿಎಸ್ ಇದನ್ನು ಕಳಿಸುವುದಿಲ್ಲ.' ಪಕ್ಕದಲ್ಲಿ ಪಾಸ್ ಎಂದು ಟಿಕ್. ಡಿ. ಎಸ್. — ಡೆಲ್ಫಿನಾ ಸುಮಗಾಯ್ಸಾಯ್. ನನ್ನದೇ ಅಕ್ಷರ, ಬಾಲ ಎಳೆದ ಎಸ್.

ಯಾಕೆ ಬಿಟ್ಟೆ? ನೆನಪಿದೆ. ಆಗ ನಮ್ಮ ಗಿರಾಕಿಗಳ ಬಳಿ ಇದ್ದದ್ದು ಒಂದೇ ಕಂಪನಿಯ ಯುಪಿಎಸ್. ಅದು ಎಂದೂ 1 ಹೇಳುತ್ತಿರಲಿಲ್ಲ. ಹೇಳದ್ದನ್ನು ಯಾಕೆ ಪರೀಕ್ಷಿಸಬೇಕು ಎಂದುಕೊಂಡೆ. ಊಟದ ಹೊತ್ತಾಗಿತ್ತು ಅನ್ನಿಸುತ್ತದೆ.

ಏಳು ವರ್ಷ. ಮೂವತ್ತನಾಲ್ಕು ಕಡೆ.

ಅದೇ ದಿನ, ಸಂಜೆ 4

ಮ್ಯಾಮ್ ರೆಮಿಗೆ ಹೇಳಿದೆ. ಹಳೆಯ ಪಟ್ಟಿ, ಟೆಂಡರ್‌ನ ಪಟ್ಟಿ ಎರಡೂ ಮೇಜಿನ ಮೇಲಿಟ್ಟೆ. ಕನ್ನಡಕ ಹಾಕಿ ಓದಿದರು, ತೆಗೆದರು, ಮತ್ತೆ ಹಾಕಿದರು.

"ಸರಿ ಮಾಡೋಕೆ ಎಷ್ಟು ಹೊತ್ತು ಬೇಕು?"

"ಅರ್ಧ ಗಂಟೆ."

"ಮತ್ತೇನು? ಸರಿ ಮಾಡಿ 'ಹೌದು' ಅಂತ ಹಾಕು."

"ಹೊಸಾ ವರ್ಷನ್‌ಗೆ ಹೌದು ಸರಿ ಮ್ಯಾಮ್. ಆದ್ರೆ ಟೆಂಡರ್‌ನಲ್ಲಿ ಕೇಳಿರೋದು ಈಗ ನಮ್ಮ ಗಿರಾಕಿಗಳ ಹತ್ರ ಓಡ್ತಿರೋ ವರ್ಷನ್ ಬಗ್ಗೆ. ಅದಕ್ಕೆ 'ಇಲ್ಲ' ಅಂತಾನೇ ಬರೀಬೇಕು."

"ತೊಂಬತ್ತೆರಡರಲ್ಲಿ ಒಂದು 'ಇಲ್ಲ' ಬಿದ್ರೆ ನಮ್ಮ ಫೈಲ್ ಎಲ್ಲಿಗೆ ಹೋಗತ್ತೆ ಗೊತ್ತಾ? ಚಾ ಲೋಟದ ಕೆಳಗೆ."

"ಗೊತ್ತು."

"ಗೊತ್ತಿದ್ದೂ ಬಂದು ನಿಂತಿದೀಯ. ಇಂಥವಳ ಕೈಗೆ ಪೆನ್ನು ಕೊಟ್ಟೋಳು ನಾನೇ, ನನಗೆ ನಾನೇ ಬಡ್ಕೋಬೇಕು." ಕಾಗದ ನನ್ನ ಕಡೆ ನೂಕಿದರು. "ಹೋಗು. ಇವತ್ತು ನನ್ನ ಕಣ್ಣಿಗೆ ಬೀಳ್ಬೇಡ."

ಬೀಳಲಿಲ್ಲ. ಟಾಯ್ಲೆಟ್ಟಿನಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ. ಕೆಲಸ ಹೋದರೆ ಹೋಯಿತು, ಬನ್ನು ಕಟ್ಟಿಕೊಡುತ್ತಾ ಕೂರಬಹುದು. ಹೆದರಿಕೆ ಅದಲ್ಲ. ಈ ಏಳು ವರ್ಷದಲ್ಲಿ ಯಾವ ಯುಪಿಎಸ್ ಪೆಟ್ಟಿಗೆ ಎಲ್ಲಿ 1 ಎಂದು ಹೇಳುತ್ತಾ ಕೂತಿತ್ತೋ...

ಮಾರ್ಚ್ 7, ಗುರುವಾರ

ಎಂಟಕ್ಕೇ ಮ್ಯಾಮ್ ರೆಮಿ ನನ್ನ ಮೇಜಿನ ಹತ್ತಿರ ಬಂದರು. ಕಣ್ಣು ಊದಿತ್ತು. "ಮೊದ್ಲು ಎಲ್ಲಾ ಗಿರಾಕಿಗಳ ಪೆಟ್ಟಿಗೇನೂ ಕೇಳು. ಯಾರ್ಯಾರು 1 ಹೇಳ್ತಿದಾರೆ ಪಟ್ಟಿ ಮಾಡು. ಟೆಂಡರ್ ಆಮೇಲೆ." ಎರಡು ಹೆಜ್ಜೆ ಹೋಗಿ ತಿರುಗಿದರು. "ಬನ್ನು ಇದೆಯಾ?"

ಆರರಲ್ಲಿ ನಾಲ್ಕು ತಿಂದರು. ಇಷ್ಟು ಸಂತೋಷದಿಂದ ಯಾರಿಗೂ ಬನ್ನು ಕೊಟ್ಟಿಲ್ಲ ನಾನು.

ಮಧ್ಯಾಹ್ನದ ಹೊತ್ತಿಗೆ ಎಲ್ಲ ಕಡೆಯ ಉತ್ತರ ಬಂತು. ಮೂವತ್ತಮೂರು ಕಡೆ — 2. ಒಂದು ಕಡೆ ಮಾತ್ರ 1. ಆಚೆ ದ್ವೀಪದ ಆಸ್ಪತ್ರೆ. ಯುಪಿಎಸ್‌ನ ಹೆಸರು ನೋಡಿದೆ: 'ನವಜಾತ ಶಿಶು ವಾರ್ಡ್'.

ಹತ್ತು ತಿಂಗಳಿಂದ 1 ಹೇಳುತ್ತಿದೆ. ಕಳೆದ ಮೇನಲ್ಲಿ ಬೇರೆ ಕಂಪನಿಯ ಬ್ಯಾಟರಿ ಹಾಕಿದ್ದಾರೆ, ಯುಪಿಎಸ್‌ಗೆ ಅದನ್ನು ಅಳೆಯಲು ಬರುತ್ತಿಲ್ಲ. ಪೆಟ್ಟಿಗೆ ಸುಳ್ಳು ಹೇಳಿಲ್ಲ. ಗೊತ್ತಿಲ್ಲ, ಗೊತ್ತಿಲ್ಲ ಎಂದು ನಿಮಿಷಕ್ಕೊಮ್ಮೆ ಹೇಳುತ್ತಲೇ ಇದೆ. ನಾವು ಚೆನ್ನಾಗಿದೆ ಎಂದು ತೋರಿಸುತ್ತಲೇ ಇದ್ದೇವೆ.

ಫೋನ್ ಮಾಡಿದೆ. ವಾರ್ಡಿನ ನರ್ಸ್ ಎತ್ತಿದಳು. ಆ ಯುಪಿಎಸ್ ನಂಬಬೇಡಿ, ಜನರೇಟರ್ ಹತ್ತಿರ ಯಾರಾದರೂ ಇರಲಿ, ನಾಳೆ ಬರುತ್ತೇವೆ ಎಂದೆ. "ನಾವು ಅದನ್ನ ನಂಬೋದು ಬಿಟ್ಟು ತುಂಬಾ ದಿನ ಆಯ್ತು ಮ್ಯಾಮ್," ಎಂದಳು.

ಮಾರ್ಚ್ 8, ಶುಕ್ರವಾರ. ಮರಳುವ ಮೋಟಾರು ದೋಣಿಯಲ್ಲಿ

ಅಕ್ಷರಗಳು ಕುಣಿಯುತ್ತಿವೆ. ಆದರೂ ಬರೆಯಲೇಬೇಕು. ಮ್ಯಾಮ್ ರೆಮಿ ಎದುರಿನ ಹಲಗೆಯ ಮೇಲೆ ಕೂತಿದ್ದಾರೆ, ನೀರನ್ನೇ ನೋಡುತ್ತಾ. ಬೆಳಿಗ್ಗೆ ದೋಣಿ ಕಟ್ಟೆಗೆ ಬಂದರೆ ನನಗಿಂತ ಮೊದಲೇ ಬಂದು ಟಿಕೆಟ್ ಹಿಡಿದು ನಿಂತಿದ್ದರು. ಸಮುದ್ರ ಕಂಡರೆ ವಾಂತಿ ಬರುವ ಹೆಂಗಸು.

ಆಸ್ಪತ್ರೆಯಲ್ಲಿ ನಮ್ಮನ್ನು ಕಾಯುತ್ತಿದ್ದವರು ಮಾನೊಂಗ್ ಎಲ್ಪಿಡಿಯೊ — ಎಲ್ಲರಿಗೂ ಮಾನೊಂಗ್, ಅಂದರೆ ಅಣ್ಣ. ರಿಪೇರಿ ವಿಭಾಗದವರು, ಅರವತ್ತೈದು ತುಂಬುತ್ತಿದೆ, ಮೂವತ್ತೊಂದು ವರ್ಷದಿಂದ ಅಲ್ಲೇ. ಬಾಗಿದ ಬೆನ್ನು, ತೊಳೆದು ತೊಳೆದು ಬಿಳಿಯಾದ ನೀಲಿ ಅಂಗಿ. ನಗಲಿಲ್ಲ. ವಾರ್ಡಿನ ಮಕ್ಕಳನ್ನು ಬೇರೆ ಕೋಣೆಗೆ ಸಾಗಿಸಿ ಆಗಿತ್ತು. ಯುಪಿಎಸ್‌ಗೆ ನಾಲ್ಕು ಬಲ್ಬುಗಳ ಹಲಗೆ ಜೋಡಿಸಿ ಕರೆಂಟ್ ತೆಗೆದೆವು. ನಲವತ್ತು ನಿಮಿಷ ಬರಬೇಕು. ನಾಲ್ಕು ನಿಮಿಷಕ್ಕೆ ಕತ್ತಲಾಯಿತು. ನನ್ನ ಲ್ಯಾಪ್‌ಟಾಪಿನಲ್ಲಿ ಕೊನೆಯ ಸೆಕೆಂಡಿನವರೆಗೂ ಹಸಿರು.

ಮಾನೊಂಗ್ ಆ ಹಸಿರನ್ನು ಬಗ್ಗಿ ನೋಡಿದರು. ಆಮೇಲೆ ಕೇಳಿದರು, "ಅವತ್ತೂ ಹೀಗೇ ತೋರಿಸ್ತಾ ಇತ್ತಾ, ಇಂದಾಯ್?"

"ಯಾವತ್ತು ಮಾನೊಂಗ್?"

ಹೇಳಿದ್ದು ನರ್ಸ್ ಸೊಕೊರೊ. ನಿನ್ನೆ ಫೋನ್ ಎತ್ತಿದವಳು ಅವಳೇ. ಎಲ್ಲರೂ ಕೊರಿಂಗ್ ಎನ್ನುತ್ತಾರೆ. ಕಳೆದ ಜುಲೈ 19, ಮಧ್ಯಾಹ್ನ ಎರಡೂ ಹತ್ತಕ್ಕೆ ಕರೆಂಟ್ ಹೋಯಿತು. ಜನರೇಟರ್ ಹತ್ತಲಿಲ್ಲ. ಯುಪಿಎಸ್ ಇದೆಯಲ್ಲ ಎಂದು ಯಾರೂ ಗಾಬರಿಯಾಗಲಿಲ್ಲ. ಸ್ಕ್ರೀನ್ ಹಸಿರು. ನಾಲ್ಕು ನಿಮಿಷಕ್ಕೆ ಎಲ್ಲ ನಿಂತಿತು. ಆರು ದಿನದ ಕೂಸೊಂದು ಉಸಿರಾಟದ ಯಂತ್ರದಲ್ಲಿತ್ತು, ತಿಂಗಳು ತುಂಬದೆ ಹುಟ್ಟಿದ್ದು. ಯಂತ್ರದ ಒಳಗಿನ ಬ್ಯಾಟರಿ ಎಂದೋ ಸತ್ತಿತ್ತು. ಕೊರಿಂಗ್ ಕೊಳವೆ ಬಿಡಿಸಿ, ರಬ್ಬರ್ ಚೀಲ ಹಾಕಿ, ಕೈಯಿಂದ ಒತ್ತತೊಡಗಿದಳು. ಮಾನೊಂಗ್ ಜನರೇಟರ್ ಕೋಣೆಯಲ್ಲಿ, ತುಕ್ಕು ಹಿಡಿದ ಡೀಸೆಲ್ ಪೈಪಿಗೆ ಬಾಯಿ ಹಚ್ಚಿ ಎಳೆಯುತ್ತಿದ್ದರು. ಏಳು ನಿಮಿಷ.

"ಏಳು ನಿಮಿಷ ಏನು ಮಾಡಿದೆ ಕೊರಿಂಗ್?" ಎಂದರು ಮ್ಯಾಮ್ ರೆಮಿ.

"ಎಣಿಸಿದೆ ಮ್ಯಾಮ್. ಒತ್ತು, ಬಿಡು, ಒತ್ತು, ಬಿಡು. ಬೇರೇನೂ ಯೋಚ್ನೆ ಮಾಡ್ಲಿಲ್ಲ. ಕರೆಂಟ್ ಬಂದ್ಮೇಲೆ ಬೆರಳು ಬಿಡಿಸೋಕೇ ಆಗ್ಲಿಲ್ಲ. ಡಾಕ್ಟ್ರೇ ಬಂದು ಒಂದೊಂದಾಗಿ ಬಿಡಿಸಿದ್ರು."

ಕೂಸು ಬದುಕಿತು. ಅಲ್ಲೇ ಇದೆಯಂತೆ, ಆ ದ್ವೀಪದಲ್ಲೇ, ದೋಣಿ ಕಟ್ಟೆಯ ಹತ್ತಿರ.

ಕಿಟಕಿಯ ಹೊರಗೆ ಯಾರೋ ಬಟ್ಟೆ ಒಗೆಯುತ್ತಿದ್ದರು. ಆ ಸದ್ದು ಕೇಳುತ್ತಾ ನಿಂತೆ. ನಾನು ಟಿಕ್ ಹಾಕಿದ ಒಂದು ಸಾಲಿಗೂ ಒಂದು ಕೂಸಿಗೂ ನಡುವೆ ಇದ್ದದ್ದು ಈ ಹೆಂಗಸಿನ ಹತ್ತು ಬೆರಳು.

ಕತೆ ಅಲ್ಲಿಗೆ ಮುಗಿಯಲಿಲ್ಲ. ವಿಚಾರಣೆ ನಡೆಯಿತಂತೆ. ಬಂತಾಯ್‌ನ ವರದಿ ಪ್ರಿಂಟ್ ತೆಗೆದು ನೋಡಿದರಂತೆ — 'ಬ್ಯಾಟರಿ ಚೆನ್ನಾಗಿದೆ'. ಬ್ಯಾಟರಿ ಚೆನ್ನಾಗಿದ್ದ ಮೇಲೆ ತಪ್ಪು ಯಾರದು? ರಿಪೇರಿಯವನದು. ಬೇರೆ ಯಾವುದೋ ಯಂತ್ರವನ್ನು ಆ ಯುಪಿಎಸ್‌ಗೆ ಚುಚ್ಚಿ ಹೊರೆ ಹೆಚ್ಚಿಸಿದ್ದಾನೆ ಎಂದು ಮಾನೊಂಗ್‌ಗೆ ಮೆಮೊ. ನಿರ್ಲಕ್ಷ್ಯ. ಮೆಮೊಗೆ ಸಾಕ್ಷಿಯಾಗಿ ಲಗತ್ತಿಸಿದ್ದು ನಮ್ಮ ವರದಿ. ಮೇಲೆ ನಮ್ಮ ಕಂಪನಿಯ ಮುದ್ರೆ.

ಮಾನೊಂಗ್ ಅದನ್ನು ಜೇಬಿನಿಂದ ತೆಗೆದು ತೋರಿಸಿದರು. ಮಡಿಕೆ ಮಡಿಕೆ ಹರಿದಿದೆ. ಏಳು ತಿಂಗಳಿಂದ ಜೇಬಿನಲ್ಲೇ ಇಟ್ಟುಕೊಂಡಿದ್ದಾರೆ.

"ಮುಂದಿನ ತಿಂಗಳು ರಿಟೈರ್ಡು. ಇದು ಫೈಲಲ್ಲಿ ಇರೋ ತನಕ ಪೆನ್ಷನ್ ಕಾಗದ ಮುಂದಕ್ಕೆ ಹೋಗಲ್ಲ ಅಂದಿದಾರೆ. ಅದು ಹೋಗ್ಲಿ ಬಿಡಿ. ನನ್ನ ಮಗಳೂ ಕೇಳಿದ್ಲು ಮ್ಯಾಮ್ — ಅಪ್ಪ, ನಿಜವಾಗ್ಲೂ ನೀನೇನಾದ್ರೂ ಚುಚ್ಚಿದ್ಯಾ ಅಂತ."

ಆಗ ಹೇಳಿದೆ. ತಪ್ಪು ನಮ್ಮದು ಎಂದಷ್ಟೇ ಅಲ್ಲ. ನನ್ನದು. ದಿನಾಂಕ, ಸಾಲು, ಟಿಕ್, ಎಲ್ಲ. ಕಿರುಚಲಿ, ಹೊಡೆಯಲಿ ಎಂದು ಕಾದೆ. ಮಾನೊಂಗ್ ಗೋಡೆಗೆ ಒರಗಿ ಹಾಗೇ ಕೆಳಗೆ ಕೂತರು, ಮುಖ ಮುಚ್ಚಿಕೊಂಡರು. ಭುಜ ಅಲುಗುತ್ತಿತ್ತು. ಕೊರಿಂಗ್ ಹೋಗಿ ಪಕ್ಕದಲ್ಲಿ ಕೂತಳು.

ಮಾನೊಂಗ್ ಮುಖ ಒರೆಸಿಕೊಂಡು, "ಬರವಣಿಗೇಲಿ ಕೊಡ್ತೀಯಾ, ಇಂದಾಯ್?" ಎಂದರು.

ಇಂದಾಯ್ ಅಂದರು. ತಂಗಿ ಅಂತ. ಅಷ್ಟೆಲ್ಲ ಕೇಳಿದ ಮೇಲೂ.

ಮಾರ್ಚ್ 9, ಶನಿವಾರ

ಅಮಾಡೊನಿಗೆ ಹೇಳಿದೆ. ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. ಪೂರಾ ಕೇಳಿ, "ಆ ನರ್ಸಮ್ಮಂಗೆ ಏನಿಷ್ಟ?" ಎಂದ. ಗೊತ್ತಿಲ್ಲ ಎಂದೆ. "ಕೇಳ್ಕೊಂಡು ಬಾ ಮುಂದಿನ ಸಲ. ಬದುಕಿರೋ ತನಕ ಮಾಡಿ ಕಳಿಸ್ತೀನಿ."

ಚರ್ಚಿಗೆ ಹೋದೆ. ಮೇಣದ ಬತ್ತಿ ಹಚ್ಚಿ ಏನು ಬೇಡಬೇಕೋ ತಿಳಿಯಲಿಲ್ಲ. ಬೇಡುವುದು ಏನೂ ಇರಲಿಲ್ಲ. ಬೇಡುವುದಕ್ಕೆ ಮೊದಲೇ ಕೊಟ್ಟಾಗಿತ್ತು.

ಆ ಸ್ಟ್ಯಾಂಡರ್ಡ್ 1994ರದು. ಎಲ್ಲೋ ಯಾರೋ ಕೂತು ಬರೆದರು. ಗೊತ್ತಿಲ್ಲ ಎನ್ನುವುದಕ್ಕೂ ಒಂದು ಅಂಕಿ ಇರಲಿ, ಅದೇ ಮೊದಲನೆಯದಾಗಲಿ ಎಂದು ಅವರಿಗೆ ಹೊಳೆಯಿತಲ್ಲ. ಅವರಿಗೂ ಒಂದು ಬತ್ತಿ ಹಚ್ಚಿದೆ.

ಮಾರ್ಚ್ 12, ಮಂಗಳವಾರ

ಪತ್ರಕ್ಕಾಗಿ ಜಗಳ. ಮ್ಯಾಮ್ ರೆಮಿ ಬರೆದದ್ದು — 'ನಮ್ಮ ಸಾಫ್ಟ್‌ವೇರ್‌ನಲ್ಲಿ ಕಂಡುಬಂದ ತಾಂತ್ರಿಕ ವ್ಯತ್ಯಾಸದಿಂದಾಗಿ'.

"ವ್ಯತ್ಯಾಸ ಅಂದ್ರೆ ಏನು ಮ್ಯಾಮ್? ಆಸ್ಪತ್ರೆ ಡೈರೆಕ್ಟರಿಗೆ ಅರ್ಥ ಆಗಲ್ಲ. ಮಾನೊಂಗ್ ಮಗಳಿಗೂ ಅರ್ಥ ಆಗಲ್ಲ."

"ತಪ್ಪು ಅಂತ ಬರೆದ್ರೆ ನಾಳೆ ಲಾಯರ್ ಬಂದು ಕೂರ್ತಾನೆ."

"ಬರ್ಲಿ. ಎಲ್ಪಿಡಿಯೊ ಅವರ ತಪ್ಪೇನೂ ಇಲ್ಲ ಅಂತ ಒಂದು ಸಾಲು ಬೇಕೇ ಬೇಕು. ಅವರ ಹೆಸರು ಹಾಕಿ."

"ನಿನಗೆ ನನ್ನ ಕಂಪನಿ ಮುಚ್ಚಿಸಿಯೇ ಸಮಾಧಾನ, ಅಲ್ವಾ?"

ಹನ್ನೆರಡು ಜನರ ಸಂಬಳ ಅವರ ತಲೆಯ ಮೇಲೆ, ನನ್ನ ತಲೆಯ ಮೇಲಲ್ಲ. ಮಧ್ಯಾಹ್ನದವರೆಗೂ ಬಾಗಿಲು ಹಾಕಿಕೊಂಡು ಕೂತಿದ್ದರು. ಆಮೇಲೆ ಕಾಗದ ತಂದು ಎಸೆದರು. ಮೊದಲ ಸಾಲುಗಳು: 'ಬ್ಯಾಟರಿಯ ಸ್ಥಿತಿ ಗೊತ್ತಿಲ್ಲ ಎಂದು ಯುಪಿಎಸ್ ಹೇಳಿದಾಗ ನಮ್ಮ ಸಾಫ್ಟ್‌ವೇರ್ ಚೆನ್ನಾಗಿದೆ ಎಂದು ತೋರಿಸಿತು. ಇದು ನಮ್ಮ ತಪ್ಪು. ಶ್ರೀ ಎಲ್ಪಿಡಿಯೊ ಗಾಲ್ವೆಸ್ ಅವರದು ಏನೂ ತಪ್ಪಿಲ್ಲ.'

"ಬಾಲ ಎಳೆದ ಎಸ್ ಹಾಕು ಕೆಳಗೆ," ಎಂದರು. ಇಬ್ಬರೂ ಸಹಿ ಮಾಡಿದೆವು. ಮೂವತ್ತನಾಲ್ಕು ಗಿರಾಕಿಗಳಿಗೂ ಪ್ರತಿ ಹೋಯಿತು. ಟೆಂಡರ್ ಫೈಲಿನಲ್ಲಿ ತೊಂಬತ್ತೊಂದು 'ಹೌದು', ಒಂದು 'ಇಲ್ಲ'.

ಮಾರ್ಚ್ 22, ಶುಕ್ರವಾರ

ಟೆಂಡರ್ ಕೈತಪ್ಪಿ ಹೋಯಿತು. ಗೆದ್ದವರು ತೊಂಬತ್ತೆರಡಕ್ಕೂ ಹೌದು ಎಂದಿದ್ದರಂತೆ. ಇರಬಹುದು. ನಿಜವಿದ್ದರೆ ಒಳ್ಳೆಯದೇ.

ಆಫೀಸಿನಲ್ಲಿ ಚಿಕ್ಕವರು ನನ್ನ ಮುಖ ನೋಡಿ ಆಚೆ ತಿರುಗುತ್ತಿದ್ದರು. ಒಂದು ಗಂಟೆಗೆ ಮ್ಯಾಮ್ ರೆಮಿ ಎಲ್ಲರಿಗೂ ಬಾಚೊಯ್, ನೂಡಲ್ ಸಾರು, ತರಿಸಿದರು. ನನ್ನ ಬಟ್ಟಲಿಗೆ ತಮ್ಮ ಪಾಲಿನ ಮೂಳೆ ಮಜ್ಜೆಯನ್ನೂ ಹಾಕಿ, "ತಿನ್ನು. ಹನ್ನೊಂದು ಆಸ್ಪತ್ರೆ ನುಂಗಿದ್ದೀಯ, ಇದ್ಯಾವ ಲೆಕ್ಕ," ಎಂದರು. ಮೊದಲು ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ನಾನು ಸಾರಿನ ಹಬೆಯಲ್ಲಿ ಮುಖ ಅಡಗಿಸಿಕೊಂಡೆ.

ಹಳೆಯ ಗಿರಾಕಿಗಳಲ್ಲಿ ಇಬ್ಬರು ಬಿಟ್ಟು ಹೋಗಿದ್ದಾರೆ. ಒಂಬತ್ತು ಜನ ವಾಪಸ್ ಬರೆದಿದ್ದಾರೆ. ಒಂದರಲ್ಲಿ ಬರೀ ಒಂದು ಸಾಲು — 'ಹೇಳಿದ್ದಕ್ಕೆ ಉಪಕಾರ.'

ಏಪ್ರಿಲ್ 2, ಮಂಗಳವಾರ

ಈಸ್ಟರ್ ರಜೆ ಮುಗಿದು ಮೊದಲ ಫೋನ್ ಮಾನೊಂಗ್ ಅವರದು.

"ಇಂದಾಯ್, ತೆಗೆದ್ರು! ಮೆಮೊ ತೆಗೆದ್ರು! ಡೈರೆಕ್ಟರೇ ಕರ್ಸಿ, ಎಲ್ಲರ ಮುಂದೆ ಓದಿ, ಹರಿದು ಹಾಕಿದ್ರು. ನಂಗೆ ಏನು ಮಾಡ್ಬೇಕು ಗೊತ್ತಾಗ್ದೆ ಜೇಬಲ್ಲಿರೋ ಪ್ರತೀನೂ ಕೊಟ್ಟೆ, ಇದನ್ನೂ ಹರೀರಿ ಸರ್ ಅಂದೆ."

ನಕ್ಕರು. ಮಾನೊಂಗ್ ನಕ್ಕದ್ದು ಇವತ್ತೇ ಕೇಳಿದ್ದು. ಕೀರಲು ನಗು.

"ಹನ್ನೆರಡನೇ ತಾರೀಕು ನನಗೆ ಬೀಳ್ಕೊಡುಗೆ ಊಟ. ಬರ್ಲೇಬೇಕು. ನಿಮ್ಮ ಮ್ಯಾಮ್‌ಗೂ ಹೇಳು, ಸಮುದ್ರದ ನೆಪ ಹೇಳೋ ಹಾಗಿಲ್ಲ."

ಏಪ್ರಿಲ್ 12, ಶುಕ್ರವಾರ. ಸಂಜೆ 5, ಬೋಟಿನಲ್ಲಿ

ಮ್ಯಾಮ್ ರೆಮಿ ಮೂರರ ಬೋಟಿಗೆ ಹೋದರು. ನಾನು ಉಳಿದೆ. ಯಾಕೆಂದು ಬರೆಯುತ್ತೇನೆ.

ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ ಊಟ. ಸುಟ್ಟ ಮೀನು, ಅನ್ನ, ಮಾವಿನಹಣ್ಣು ರಾಶಿ ರಾಶಿ. ಮಾನೊಂಗ್‌ನ ಮಗಳು ಅಪ್ಪನ ಅಂಗಿಯ ಗುಂಡಿ ಹಾಕುತ್ತಾ ನಿಂತಿದ್ದಳು, ಅವರು ಮಗುವಿನ ಹಾಗೆ ಗಲ್ಲ ಎತ್ತಿಕೊಂಡು ಹಾಕಿಸಿಕೊಳ್ಳುತ್ತಿದ್ದರು. ಅಮಾಡೊ ಕಳಿಸಿದ ಬುಟ್ಟಿ ಕೊರಿಂಗ್‌ಗೆ ಕೊಟ್ಟೆ. "ಚೀಸ್ ಬನ್ನು ನನ್ನ ಪ್ರಾಣ, ನಿಮ್ಮೆಜಮಾನ್ರಿಗೆ ಹೇಗೆ ಗೊತ್ತಾಯ್ತು?" ಎಂದಳು. ಮಾನೊಂಗ್‌ರನ್ನು ಫೋನಿನಲ್ಲಿ ಕೇಳಿ ಅಮಾಡೊನಿಗೆ ಹೇಳಿದ್ದು ನಾನೇ ಎನ್ನಲಿಲ್ಲ. ಗೆಲುವು ಅವನಿಗೇ ಇರಲಿ.

ಆಮೇಲೆ ಒಬ್ಬ ಹುಡುಗಿ ಬಂದಳು. ಜೋವೆಲಿನ್. ಇಪ್ಪತ್ತಮೂರಿರಬಹುದು. ಕಟ್ಟೆಯ ಹತ್ತಿರ ಮಾವಿನಹಣ್ಣು ಮಾರುತ್ತಾಳೆ. ಸೊಂಟದ ಮೇಲೆ ಕೂಸು — ಅಮಿಹಾನ್, ಒಂಬತ್ತು ತಿಂಗಳು. ಯಾರೋ ನನ್ನನ್ನು ತೋರಿಸಿ ಇವರು ಯುಪಿಎಸ್ ಕಂಪ್ಯೂಟರಿನವರು ಎಂದುಬಿಟ್ಟರು. ಹುಡುಗಿ ನೇರ ಬಂದು ನನ್ನ ಕೈ ಹಿಡಿದಳು.

"ನಿಮಗೆ ಎಷ್ಟು ಸಲ ಮನಸ್ಸಲ್ಲೇ ಥ್ಯಾಂಕ್ಸ್ ಹೇಳಿದೀನಿ ಮ್ಯಾಮ್. ಅವತ್ತು ಕರೆಂಟ್ ಹೋದಾಗ ನಿಮ್ಮ ಮಿಷನ್ ಇಲ್ದೇ ಇದ್ದಿದ್ರೆ ಇವಳು..."

ಅವಳಿಗೆ ಯಾರೂ ಪೂರ್ತಿ ಹೇಳಿರಲಿಲ್ಲ. ಕೊರಿಂಗ್ ನನ್ನ ಕಡೆ ನೋಡಿದಳು, ಬೇಡ ಎನ್ನುವ ಹಾಗೆ ತಲೆ ಆಡಿಸಿದಳು. ಸುಮ್ಮನಿದ್ದರೆ ಮುಗಿಯುತ್ತಿತ್ತು. ಹುಡುಗಿಯ ಕೈ ಬೆಚ್ಚಗಿತ್ತು, ಮಾವಿನ ಸೊನೆಯ ವಾಸನೆ.

"ನನಗಲ್ಲ ಜೋವೆಲಿನ್," ಎಂದೆ. "ನಮ್ಮ ಮಿಷನ್ ಅವತ್ತು ಸುಳ್ಳು ಹೇಳ್ತು. ನಾನು ಸರಿಯಾಗಿ ನೋಡಿರ್ಲಿಲ್ಲ. ನಿನ್ನ ಮಗೂನ ಉಳಿಸಿದ್ದು ಕೊರಿಂಗ್. ಏಳು ನಿಮಿಷ, ಕೈಯಿಂದ. ಮತ್ತೆ ಮಾನೊಂಗ್."

ಅವಳು ಕೈ ಬಿಟ್ಟಳು. ಕೂಸನ್ನು ಸೊಂಟದ ಇನ್ನೊಂದು ಬದಿಗೆ, ನನ್ನಿಂದ ದೂರಕ್ಕೆ, ಬದಲಿಸಿ ಹೊರಟುಹೋದಳು. ಅದಕ್ಕೇ ಮೂರರ ಬೋಟು ಬಿಟ್ಟೆ. ಹಾಗೆ ಹೋಗಿಬಿಡಲು ಆಗಲಿಲ್ಲ.

ನಾಲ್ಕಕ್ಕೆ ಕಟ್ಟೆಗೆ ಹೋದೆ. ಅವಳ ಅಂಗಡಿ ಅಲ್ಲೇ. ಜೋವೆಲಿನ್ ಹಣ್ಣು ಜೋಡಿಸುತ್ತಿದ್ದಳು, ತಲೆ ಎತ್ತಲಿಲ್ಲ. ಪಕ್ಕದ ಕಲ್ಲಿನ ಮೇಲೆ ಕೂತೆ. ಹಣ್ಣಿನ ಜೊತೆ ಮಾತಾಡುವ ಹಾಗೆ ಹೇಳಿದಳು —

"ನನಗೆ ಕೋಪ ಬಂದಿದೆ."

"ಬರ್ಲೇಬೇಕು."

"ಹೇಳ್ದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ. ಕೊರಿಂಗ್ ಅಕ್ಕ ದಿನಾ ಈ ದಾರೀಲೇ ಹೋಗ್ತಾರೆ, ದಿನಾ ದುಡ್ಡು ಕೊಟ್ಟು ಹಣ್ಣು ತಗೋತಾರೆ. ಒಂದು ಸಲಾನೂ ಬಾಯಿ ಬಿಟ್ಟಿಲ್ಲ ನೋಡಿ." ಕಣ್ಣು ಒರೆಸಿಕೊಂಡಳು. "ಇನ್ಮೇಲೆ ಅವರ ಹತ್ರ ದುಡ್ಡು ತಗೊಂಡ್ರೆ ಕೇಳಿ."

ಆಗ ಯಾರೋ ಗಿರಾಕಿ ಬಂದ. ಬುಟ್ಟಿ ಕಟ್ಟಲು ಎರಡು ಕೈ ಬೇಕು. ಆಚೆ ಈಚೆ ನೋಡಿದಳು. ಬೇರೆ ಯಾರೂ ಇರಲಿಲ್ಲ. ಒಂದು ಕ್ಷಣ ನನ್ನನ್ನೇ ನೋಡಿ, ಕೂಸನ್ನು ಎತ್ತಿ ನನ್ನ ಕೈಗೆ ಕೊಟ್ಟಳು. "ಬೀಳಿಸ್ಬೇಡಿ," ಎಂದಳು.

ಬೀಳಿಸಲಿಲ್ಲ. ಎಂಟು ಕಿಲೊ ಇದ್ದಾಳೆ, ಕಲ್ಲುಗುಂಡು. ಎದೆಗೆ ಒರಗಿಸಿಕೊಂಡೆ. ನನ್ನ ಕತ್ತಿನ ಹತ್ತಿರ ಅವಳ ಉಸಿರು, ಬಿಸಿ, ಹಾಲಿನ ವಾಸನೆ, ಒಳಗೆ, ಹೊರಗೆ. ಬೋಟಿನವನು ಎರಡು ಸಲ ಕೂಗಿದ. ಮೂರನೇ ಸಲಕ್ಕೆ ಕೂಸನ್ನು ವಾಪಸ್ ಕೊಟ್ಟೆ. ಜೋವೆಲಿನ್ ಹೋಗಿ ಬನ್ನಿ ಎನ್ನಲಿಲ್ಲ. ಎರಡು ಮಾವಿನಹಣ್ಣು ನನ್ನ ಚೀಲದಲ್ಲಿ ಹಾಕಿದಳು.

ಹೆಗಲ ಮೇಲೆ ಜೊಲ್ಲಿನ ಒದ್ದೆ ಇನ್ನೂ ಆರಿಲ್ಲ. ಈ ಗಾಳಿಗೂ. ಆರುವುದು ಬೇಡ. ಇವತ್ತು ಯಾರಿಗೆಲ್ಲ ಉಪಕಾರ ಹೇಳಬೇಕೋ ಬರೆದಿಡಬೇಕು ಎಂದುಕೊಂಡೆ — ಕೊರಿಂಗ್, ಮಾನೊಂಗ್, ಮ್ಯಾಮ್ ರೆಮಿ, ಆ ಹುಡುಗಿ, ನನ್ನ ಕೈಗೆ ಕೊಟ್ಟಳಲ್ಲ, ಕೊಡಬೇಕೆಂದು ಏನಿತ್ತು ಅವಳಿಗೆ... ಇಲೊಯ್ಲೊ ಬಂತು. ಹಗ್ಗ ಎಸೆಯುತ್ತಿದ್ದಾರೆ. ಕಟ್ಟೆಯ ಮೇಲೆ ಅಮಾಡೊ ನಿಂತಿದ್ದಾನೆ, ತೋಳೆಲ್ಲ ಹಿಟ್ಟು, ಅಂಗಡಿ ಬಿಟ್ಟು ಬಂದಿದ್ದಾನೆ, ಕೈ ಬೀಸಿ ಏನೋ ಕೂಗಿ ಕೇಳುತ್ತಿದ್ದಾನೆ, ಗಾಳಿಗೆ ಕೇಳಿಸುತ್ತಿಲ್ಲ, ಕೊರಿಂಗ್‌ಗೆ ಚೀಸ್ ಬನ್ನು ಹಿಡಿಸಿತಾ ಎಂದೇ ಇರಬೇಕು, ಹೌದು ಎಂದು ಕೈ ಎತ್ತಬೇಕು, ಪುಸ್ತಕ ಮುಚ್ಚುತ್ತೇನೆ.